ಗೋಲಿನ ಹಿಂದಿನ ಹಲಗೆ

ನಮ್ಮ ಬಡಗಿಯಣ್ಣ ಯಾವ ಮರವನ್ನೇ ಕೊಳ್ಳಲಿ, ಮೊದಲು ಬೆರಳ ಗೆಣ್ಣಿನಿಂದ ಅದರ ಮೇಲೊಮ್ಮೆ ತಟ್ಟಿ ಕಿವಿಗೊಟ್ಟು ಕೂರುತ್ತಿದ್ದ, ಬಾಗಿಲು ತಟ್ಟಿ ಒಳಗಿನವರು ಬರಲಿ ಎಂದು ಕಾಯುವವರ ಹಾಗೆ. "ಒಳಗೆ ಯಾರಾದ್ರೂ ಇದಾರಾ ಅಣ್ಣ?" ಎಂದು ಕಿಚಾಯಿಸಿದರೆ, "ಇದ್ರೂ ನಿನ್ನಷ್ಟು ಮಾತಾಡಲ್ಲ ಬಿಡು" ಎನ್ನುತ್ತಿದ್ದ. ಒಣಗಿದ ಮರದ್ದು ಒಂದು ದನಿ, ಹಸಿಯದ್ದು ಇನ್ನೊಂದು, ಹುಳು ಹೊಕ್ಕಿದ್ದರೆ ಬೇರೆಯೇ. ಒಮ್ಮೆ ಕೇಳಿದ ಹಲಗೆಯ ದನಿಯನ್ನು ಅವನು ಮರೆತದ್ದೇ ಇಲ್ಲ.

ಹಾಕಿ ಮೈದಾನದ ಗೋಡೆಗೆ ಆತುಕೊಂಡೇ ಅವನ ಅಂಗಡಿ. ಚಿಕ್ಕಂದಿನಲ್ಲಿ ಆಡುವ ಹುಚ್ಚು ಬಹಳ ಇತ್ತು. ಆದರೇನು, ಹುಟ್ಟಾ ಎಡಚ. ಹಾಕಿಯಲ್ಲಿ ಎಡಗೈಯವರಿಗೆಂದು ಬೇರೆ ಕೋಲಿಲ್ಲ. ಎಲ್ಲರೂ ಬಲಗೈಯವರ ಕೋಲಿನಲ್ಲೇ ಆಡಬೇಕು. ಎಷ್ಟು ಒದ್ದಾಡಿದರೂ ಕೈ ಒಗ್ಗಲಿಲ್ಲ. ಆಡಲಾಗದವನು ಆಟದ ಮಗ್ಗುಲಲ್ಲೇ ಬದುಕು ಹೂಡಿದ. ಸೀಳಿದ ಕೋಲಿಗೆ ಅಂಟು ಹಾಕಿ ದಾರ ಸುತ್ತುವುದು, ಬೆಂಚು ರಿಪೇರಿ, ಗೋಲಿನ ಹಿಂದೆ ಚೆಂಡು ತಡೆಯುವ ಹಲಗೆ ಕೂಡಿಸುವುದು, ಎಲ್ಲ ಅವನದೇ. ಮದುವೆ ಆಗಲಿಲ್ಲ. ಅಕ್ಕನ ಮಗನೇ ಮಗ. ಬೇರೆ ಊರಿನ ತಂಡದಲ್ಲಿ ಆಡುತ್ತಿದ್ದ ಆ ಅಳಿಯ ಈ ವರ್ಷ ನಮ್ಮ ತಂಡಕ್ಕೆ ಗೋಲ್‌ಕೀಪರ್ ಆಗಿ ಬಂದಾಗ ಬಡಗಿಯಣ್ಣ ನೆಲದ ಮೇಲೆ ನಡೆಯುತ್ತಿರಲಿಲ್ಲ.

ಆದರೆ ಈ ಸಲದ ಪಂದ್ಯಗಳು ಶುರುವಾದದ್ದೇ ತಡ, ತಂಡಕ್ಕೆ ಗ್ರಹಚಾರ ವಕ್ಕರಿಸಿತು. ನಮ್ಮ ಮೈದಾನದಲ್ಲಿ ಆಡಿದ್ದೆಲ್ಲ ಸೋಲು, ಸೋತದ್ದೂ ಒಂದೇ ರೀತಿ. ಜನ ಕುರ್ಚಿಯಲ್ಲಿ ನೆಟ್ಟಗೆ ಕೂರುವ ಮೊದಲೇ ನಮ್ಮ ಗೋಲಿನೊಳಗೆ ಚೆಂಡು ಬಿದ್ದಿರುತ್ತಿತ್ತು. ಆಮೇಲೆ ಹುಡುಗರು ಎಷ್ಟು ಬೆವರು ಸುರಿಸಿದರೂ ಆ ಗುಂಡಿಯಿಂದ ಮೇಲೆ ಬರಲಾಗುತ್ತಿರಲಿಲ್ಲ.

ಸಂಜೆಯಾದರೆ ಬಡಗಿ ಅಂಗಡಿಯಲ್ಲಿ ನ್ಯಾಯ ಪಂಚಾಯಿತಿ. ಮರದ ಹೊಟ್ಟಿನ ಮೇಲೆ ಕಾಲು ಚಾಚಿಕೊಂಡು ಗಡಿಯಾರ ರಿಪೇರಿಯವನು ಶುರು ಮಾಡಿದ.

"ತಪ್ಪೆಲ್ಲ ಕೋಚ್‌ದು. ಹುಡುಗರಿಗೆ ಕೀ ಕೊಡಬೇಕಾದ್ದು ಆಟಕ್ಕೆ ಮುಂಚೆ. ಇವನು ಗೋಲ್ ಬಿದ್ಮೇಲೆ ಕೊಡ್ತಾನೆ."

"ನಿನ್ನ ಅಂಗಡೀಲಿ ಒಂದು ಗಡಿಯಾರನಾದ್ರೂ ಇನ್ನೊಂದರ ಮಾತು ಕೇಳುತ್ತಾ? ಕೋಚ್‌ಗೆ ಬುದ್ಧಿ ಹೇಳೋಕೆ ಬಂದ," ಎಂದ ಕ್ಷೌರದಂಗಡಿಯವನು. "ತಪ್ಪು ಕ್ಯಾಪ್ಟನ್‌ದು. ಕೂದಲು ಕಣ್ಣ ಮೇಲೇ ಬಿದ್ದಿರುತ್ತೆ. ಚೆಂಡು ಎಲ್ಲಿಂದ ಕಾಣಬೇಕು?"

"ಗಿರಾಕಿ ಬೇಕು ಅಂತ ನೇರವಾಗಿ ಹೇಳಪ್ಪ," ಎಂದ ಗಡಿಯಾರದವನು.

ಬೇಕರಿಯಕ್ಕ ಬನ್ನಿನ ಪೊಟ್ಟಣ ಬಿಚ್ಚುತ್ತ ತಲೆಯಾಡಿಸಿದಳು. "ಆ ಹೊಸ ಪ್ಲಾಸ್ಟಿಕ್ ಕುರ್ಚಿ ಬಂದ ಗಳಿಗೆನೇ ಸರಿಯಿಲ್ಲ ಕಣ್ರೋ. ನಾವು ಎದ್ದರೆ ಅದರ ಸೀಟೂ ಮೇಲಕ್ಕೆ ಮಡಚ್ಕೊಂಡು ಬೆನ್ನಿಗೆ ಗುದ್ದುತ್ತೆ. ಹಳೇ ಬೆಂಚೇ ಚೆನ್ನಾಗಿತ್ತು. ಹಾರ್ನ್ ತಾತ ಇದ್ದಿದ್ರೆ..."

ಎಲ್ಲರೂ ಬನ್ನಿನ ಕಡೆ ನೋಡಿದರು.

ಹಾರ್ನ್ ತಾತ ಅಂದರೆ ರಿಟೈರಾದ ಬಸ್ ಡ್ರೈವರ್. ಕ್ಲಚ್ಚು ತುಳಿದು ತುಳಿದು ಮಂಡಿ ಸವೆದವನು. ಗೋಲಿನ ನೇರ ಹಿಂದಿನ ಬೆಂಚು ಅವನದು. ಆಟದ ಮೊದಲ ಕೆಲವು ನಿಮಿಷ, ಎದುರಾಳಿ ಚೆಂಡು ತಂದ ಅಂದರೆ ಅಂಗೈಯಿಂದ ಬೆಂಚಿನ ಮೇಲೆ ಬಡಿಯುತ್ತಿದ್ದ. ಧಡ್. ಸ್ವಲ್ಪ ತಡೆದು, ಧಡ್‌ಧಡ್. "ಗಾಡಿ ಇನ್ನೂ ಬಿಸಿಯಾಗಿಲ್ಲ. ತಿರುವಲ್ಲಿ ನಾವಲ್ಲದೆ ಇನ್ಯಾರು ಹಾರ್ನ್ ಹಾಕ್ತಾರೆ?" ಎನ್ನುತ್ತಿದ್ದ. ಆಮೇಲೆ ಕೈಕಟ್ಟಿ ಕೂತರೆ ಆಟ ಮುಗಿಯುವವರೆಗೆ ತುಟಿಪಿಟಕ್ ಇಲ್ಲ. ಅವನಿಗೋಸ್ಕರವೇ ನಮ್ಮ ತಂಡ ಪ್ರತಿ ಆಟವನ್ನೂ ಆ ಗೋಲಿನಿಂದಲೇ ಶುರು ಮಾಡುವ ರೂಢಿ ಬಿತ್ತು. ಈ ಸಲದ ಪಂದ್ಯಗಳಿಗೆ ಮುಂಚೆ ತಾತ ತೀರಿಹೋದ. ಅದೇ ಹೊತ್ತಿಗೆ ಬೆಂಚುಗಳನ್ನೂ ಕಿತ್ತರು.

ಕೊನೆಗೆ ಕ್ಷೌರದವನು ಗಂಟಲು ಸರಿಮಾಡಿಕೊಂಡ. "ಬೇಜಾರು ಮಾಡ್ಕೋಬೇಡ ಬಡಗಿಯಣ್ಣ. ಎಲ್ಲರ ಬಾಯಲ್ಲೂ ಇರೋದನ್ನೇ ಹೇಳ್ತೀನಿ. ಚೆಂಡು ಬರೋ ಹೊತ್ತಿಗೆ ನಿನ್ನ ಅಳಿಯ ಹಿಂದಕ್ಕೆ ತಿರುಗ್ತಾನೆ. ಬಲೆಯೊಳಗೆ ಯಾರನ್ನ ಹುಡುಕ್ತಾನೆ? ಅಲ್ಲೇನು ಹೆಣ್ಣು ತೋರಿಸೋಕೆ ಕರ್ಕೊಂಡು ಬಂದಿದಾರಾ?"

"ಭಾನುವಾರನೂ ಹೀಗೇ ಆದ್ರೆ ಅವನನ್ನ ತೆಗೆದುಹಾಕ್ತಾರಂತೆ," ಎಂದ ಗಡಿಯಾರದವನು ಮೆಲ್ಲಗೆ.

ಬಡಗಿಯಣ್ಣ ಕೈಯಲ್ಲಿದ್ದ ಕೋಲಿಗೆ ದಾರ ಸುತ್ತುತ್ತಲೇ ಇದ್ದ.

ಅವರೆಲ್ಲ ಎದ್ದು ಹೋದ ಮೇಲೆ ಅಳಿಯ ಬಂದ. ಮುಖ ಬಾಡಿತ್ತು.

"ಮಾವ, ನಗಲ್ಲ ಅಂದ್ರೆ ಒಂದು ಹೇಳ್ತೀನಿ."

"ನಿನ್ನ ಮುಖ ನೋಡಿದ್ರೆ ನಗು ಬರೋ ಹಾಗಿಲ್ಲ. ಹೇಳು."

"ಚೆಂಡು ಬರೋಕೆ ಮುಂಚೆನೇ ನನ್ನ ಹಿಂದೆ ಹಲಗೆ ಸದ್ದಾಗುತ್ತೆ. ಗೋಲ್ ಬಿದ್ದೇಹೋಯ್ತು ಅಂತ ತಿರುಗ್ತೀನಿ. ಅಲ್ಲಿ ಚೆಂಡೇ ಇರಲ್ಲ. ಮತ್ತೆ ಈ ಕಡೆ ತಿರುಗೋದ್ರೊಳಗೆ ನಿಜವಾದ ಚೆಂಡು ಒಳಗೆ ಹೋಗಿರುತ್ತೆ."

"ಬೇರೆಯವರಿಗೆ ಕೇಳಿಸಲ್ವಾ?"

"ಪಕ್ಕದಲ್ಲಿ ಆಡೋನನ್ನ ಕೇಳ್ದೆ. ಅವನು ನನ್ನ ಮುಖಾನೇ ಒಂಥರಾ ನೋಡ್ದ. ಆಮೇಲೆ ಯಾರನ್ನೂ ಕೇಳಿಲ್ಲ."

"ಸದ್ದು ಹೇಗಿತ್ತು, ತೋರಿಸು."

ಅಳಿಯ ಮೇಜಿನ ಮೇಲೆ ಅಂಗೈ ಚಪ್ಪಟೆ ಮಾಡಿ ಬಡಿದ. ಧಡ್. ಸ್ವಲ್ಪ ತಡೆದು, ಧಡ್‌ಧಡ್.

ಬಡಗಿಯಣ್ಣನ ಕೈಯ ದಾರದುಂಡೆ ಜಾರಿ ಹೊಟ್ಟಿನೊಳಗೆ ಉರುಳಿತು. ತಾತ ಬದುಕಿದ್ದಾಗ ಈ ಹುಡುಗ ಇಲ್ಲಿ ಒಂದು ಆಟವನ್ನೂ ಆಡಿರಲಿಲ್ಲ, ನೋಡಿರಲೂ ಇಲ್ಲ. ಆ ಲೆಕ್ಕಾಚಾರದ ಬಡಿತ ಇವನಿಗೆ ಗೊತ್ತಿರಲು ಸಾಧ್ಯವೇ ಇಲ್ಲ.

ಬೇರೆ ಯಾರಿಗೂ ಗೊತ್ತಿಲ್ಲದ ಇನ್ನೊಂದು ವಿಷಯವಿತ್ತು. ಬೆಂಚು ಕಿತ್ತ ದಿನ ಎಲ್ಲ ಹಲಗೆಗಳನ್ನೂ ಸೌದೆಗೆಂದು ಲಾರಿಗೆ ತುಂಬುತ್ತಿದ್ದರು. ತಾತನ ಬೆಂಚಿನ ಹಲಗೆಯನ್ನು ಬಡಗಿಯಣ್ಣ ತಟ್ಟಿ ನೋಡಿದ. ಗಂಟೆಯ ಹಾಗೆ ದನಿ. ಇಷ್ಟು ಪಳಗಿದ ಮರವನ್ನು ಒಲೆಗೆ ಹಾಕುವುದೇ ಎಂದು ಹೊಟ್ಟೆ ಉರಿದು, ಅದನ್ನು ಇಳಿಸಿ, ಉಜ್ಜಿ, ಬಣ್ಣ ಬಳಿದು ಗೋಲಿನ ಹಿಂದೆ ಕೂಡಿಸಿದ್ದ. ಒಳ್ಳೆಯ ಮರ ಉಳಿಯಿತು ಎಂದಷ್ಟೇ ಅಂದುಕೊಂಡಿದ್ದ. ಆ ಮರದ ಜೊತೆ ಇನ್ನೇನನ್ನು ಉಳಿಸಿಕೊಂಡೆ ಎಂಬುದು ಅವನಿಗೆ ಈಗ ಹೊಳೆಯಿತು.

ಭಾನುವಾರ ಬೆಳಿಗ್ಗೆ ಬೆಳಕು ಹರಿಯುತ್ತಲೇ ಅವನು ಹೊಸ ಹಲಗೆಯೊಂದನ್ನು ಹೆಗಲ ಮೇಲಿಟ್ಟುಕೊಂಡು, ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಮೈದಾನಕ್ಕೆ ಹೋದ. ಸದ್ದಿಲ್ಲದೆ ಹಲಗೆ ಬದಲಾಯಿಸಿಬಿಟ್ಟರೆ ಅಳಿಯ ಉಳಿದುಕೊಳ್ಳುತ್ತಾನೆ. ಯಾರಿಗೂ ಏನೂ ಹೇಳಬೇಕಿಲ್ಲ. ಮಂಜಿನಲ್ಲಿ ಆಚೆ ತುದಿಯ ಗೋಲು ಕಾಣುತ್ತಿರಲಿಲ್ಲ. ಬಲೆಯೊಳಗೆ ಮಂಡಿಯೂರಿ ಹಲಗೆಯ ಮೇಲೆ ಕೈಯಿಟ್ಟ. ಸುತ್ತಲಿದ್ದುದೆಲ್ಲ ಇಬ್ಬನಿಯಲ್ಲಿ ತಣ್ಣಗೆ ಕೊರೆಯುತ್ತಿತ್ತು. ಹಲಗೆ ಮಾತ್ರ ಬೆಚ್ಚಗಿತ್ತು, ಈಗಷ್ಟೇ ಯಾರೋ ಕೂತು ಎದ್ದುಹೋದ ಜಾಗದ ಹಾಗೆ.

ಅಭ್ಯಾಸ ಬಿಡುತ್ತದೆಯೇ? ಗೆಣ್ಣಿನಿಂದ ಒಮ್ಮೆ ತಟ್ಟಿದ. ಅದೇ ಗಂಟೆಯ ದನಿ. ಸದ್ದು ಆರಿತು. ಆಮೇಲೆ, ಅವನ ಕೈ ಹಲಗೆಯಿಂದ ದೂರವಿದ್ದಾಗಲೇ, ಅದೇ ದನಿ ಇನ್ನೊಮ್ಮೆ ಕೇಳಿಸಿತು.

"ತಾತ?" ಎಂದ.

ಎರಡು ಸ್ಕ್ರೂ ಬಿಚ್ಚಿದವನು ಬೆವರು ಒರೆಸಿಕೊಳ್ಳಲು ಮೈದಾನದ ಕಡೆ ತಿರುಗಿ ಕೂತ. ಆಗ ಬೆನ್ನ ಹಿಂದೆ ಧಡ್. ಸ್ವಲ್ಪ ತಡೆದು, ಧಡ್‌ಧಡ್. ಬೆಚ್ಚಿಬಿದ್ದು ಹಿಂದಕ್ಕೆ ತಿರುಗಿದ. ಅಷ್ಟರಲ್ಲಿ ಮೈದಾನದ ಕಡೆಯ ಮಂಜಿನೊಳಗಿಂದ ಚೆಂಡೊಂದು ರೊಯ್ಯನೆ ಬಂದು ಕಿವಿ ಸವರಿಕೊಂಡು ಹೋಗಿ ಹಲಗೆಗೆ ಬಡಿಯಿತು.

"ಯಾರಾದ್ರೂ ಇದೀರಾ ಅಲ್ಲಿ?" ಅಭ್ಯಾಸಕ್ಕೆ ಬಂದಿದ್ದ ಯಾರೋ ಮಂಜಿನಾಚೆಯಿಂದ ಕೂಗಿದರು. "ಕಾಣಿಸ್ಲಿಲ್ಲ, ಕ್ಷಮಿಸಿ!"

ಬಡಗಿಯಣ್ಣ ಕಿವಿ ಮುಟ್ಟಿಕೊಂಡು ಕೂತೇ ಇದ್ದ. ತಾತ ಹಾರ್ನ್ ಹಾಕುತ್ತಿದ್ದುದು ಯಾತಕ್ಕೆ? ಎದುರಿನಿಂದ ಗಾಡಿ ಬರುತ್ತಿದೆ ಎಂದು ಹೇಳಲಿಕ್ಕೆ. ಮೊದಲು ಆ ಸದ್ದು ಗೋಲಿನಾಚೆ, ಜನರ ನಡುವಿನ ಬೆಂಚಿನಿಂದ ಬರುತ್ತಿತ್ತು. ಕೇಳಿದವರು ಎಚ್ಚರಾಗಿ ಮುಂದೆ ನೋಡುತ್ತಿದ್ದರು. ಈಗ ಗೋಲಿನ ಹಲಗೆಯಿಂದಲೇ ಬರುವಾಗ, ಕೇಳಿದವನು ಗೋಲು ಬಿತ್ತೆಂದು ಹಿಂದೆ ತಿರುಗುತ್ತಾನೆ. ಪಾಪ, ತಾತನ ಕೆಲಸ ತಾತ ಮಾಡುತ್ತಲೇ ಇದ್ದಾನೆ. ತಪ್ಪು ಜಾಗದಲ್ಲಿ ಅವನನ್ನು ಕೂರಿಸಿದವನು ತಾನು.

ಬಿಚ್ಚಿದ ಸ್ಕ್ರೂಗಳನ್ನು ಮತ್ತೆ ಬಿಗಿ ಮಾಡಿದ. ಹೊಸ ಹಲಗೆಯನ್ನು ವಾಪಸು ಹೊತ್ತುಕೊಂಡು ಹೋದ.

ಆಟಕ್ಕೆ ಮುಂಚೆ ಅಳಿಯನ ಕಾಲಿನ ಪ್ಯಾಡಿನ ಪಟ್ಟಿ ಎಳೆದು ಕಟ್ಟುತ್ತ ಹೇಳಿದ: "ಆ ಸದ್ದು ಕೇಳಿದ್ರೆ ಹಿಂದಕ್ಕೆ ತಿರುಗಬೇಡ. ಒಂದು ಹೆಜ್ಜೆ ಮುಂದಕ್ಕೆ ನುಗ್ಗು."

"ಹಲಗೆ ಬದಲಾಯಿಸಲ್ವಾ ಮಾವ?"

"ಇಲ್ಲ."

"ಯಾರು ಅದು?"

"ನಮ್ಮೋರೇ ಕಣೋ. ಎದುರಿಂದ ಬರ್ತಿದಾರೆ ನೋಡ್ಕೋ ಅಂತಿದಾರೆ, ಅಷ್ಟೇ."

ಅಳಿಯ ಮಾವನ ಮುಖವನ್ನೇ ನೋಡಿದ. ನಗಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಹೋದ.

ಆಟ ಶುರುವಾಯಿತು. ಜನ ಇನ್ನೂ ಕುರ್ಚಿ ಬಗ್ಗಿಸಿ ಕೂರುತ್ತಿದ್ದರು. ಎದುರಾಳಿ ತಂಡದವನು ಬಲಗಡೆಯಿಂದ ಚೆಂಡು ತಂದ. ಬಡಗಿಯಣ್ಣ ಕಣ್ಣು ಮುಚ್ಚಿಕೊಂಡ. ಅಷ್ಟು ಗದ್ದಲದ ನಡುವೆಯೂ ಅವನ ಕಿವಿಗೆ ಬಿತ್ತು: ಧಡ್. ಕಣ್ಣು ಬಿಟ್ಟಾಗ ಅಳಿಯನ ತಲೆ ಒಂದೇ ಒಂದು ಸಲ ಹಿಂದಕ್ಕೆ ತಿರುಗಲು ಎಳೆದ ಹಾಗೆ ಅಲುಗಿತು. ತಿರುಗಲಿಲ್ಲ. ಧಡ್‌ಧಡ್. ಮುಂದಕ್ಕೆ ನುಗ್ಗಿ, ಅಡ್ಡ ಬಿದ್ದ. ಚೆಂಡು ಪ್ಯಾಡಿಗೆ ಬಡಿದು ಹೊರಗೆ ಚಿಮ್ಮಿತು.

ಬೇಕರಿಯಕ್ಕ ಕಿರುಚಿದ ರಭಸಕ್ಕೆ ಗಡಿಯಾರದವನ ಕನ್ನಡಕ ಬಿತ್ತು. ಅಂದು ನಮ್ಮವರು ಗೆದ್ದರು. ಕ್ಯಾಪ್ಟನ್‌ಗೆ ತಾನೇ ಹಿಂದಿನ ದಿನ ಕೂದಲು ಕತ್ತರಿಸಿದ್ದೆಂದು ಕ್ಷೌರದವನು ಎಲ್ಲರ ಕೈ ಹಿಡಿದು ಹೇಳಿಕೊಂಡು ಬಂದ. "ನೋಡಿದ್ರಾ? ಎಲ್ಲ ನನ್ನ ಕತ್ತರಿ ಮಹಿಮೆ!" ಯಾರದು ತಪ್ಪು ಎಂಬ ಜಗಳ ಮುಗಿದು, ಯಾರಿಂದ ಗೆಲುವು ಎಂಬ ಜಗಳ ಅಲ್ಲೇ ಹುಟ್ಟಿತು.

ಜನ ಎದ್ದರು. ಕುರ್ಚಿಗಳು ಪಟಪಟನೆ ಮಡಚಿಕೊಂಡವು. ಎಲ್ಲರೂ ಗೇಟು ದಾಟಿದ ಮೇಲೆ ಬಡಗಿಯಣ್ಣ ಗೋಲಿನ ಹಿಂಬದಿಗೆ ನಡೆದ, ಹಳೆಯ ಬೆಂಚು ಇದ್ದ ಜಾಗಕ್ಕೆ. ಉದ್ದಕ್ಕೂ ಕುರ್ಚಿಗಳ ಸೀಟುಗಳೆಲ್ಲ ಮೇಲೆದ್ದು ನಿಂತಿದ್ದವು. ಗೋಲಿನ ನೇರಕ್ಕಿದ್ದ ಒಂದು ಮಾತ್ರ ಇನ್ನೂ ಕೆಳಗೇ ಬಗ್ಗಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

ಅವನು ಮುಟ್ಟಲಿಲ್ಲ. ಸ್ವಲ್ಪ ದೂರದಲ್ಲೇ ನಿಂತ. ನೋಡುತ್ತಿದ್ದ ಹಾಗೆ ಆ ಕುರ್ಚಿ, ಬೇರೆಯವುಗಳಂತೆ ಪಟಕ್ಕನೆ ಅಲ್ಲ, ಮಂಡಿ ನೋವಿರುವವರು ಏಳುವ ಹಾಗೆ ತಡೆದು ತಡೆದು ಮೇಲೆದ್ದಿತು.

"ನಿಧಾನ ತಾತ," ಎಂದ ಬಡಗಿಯಣ್ಣ, ಕೈ ಕೊಡುವವನಂತೆ ಎಡಗೈ ಮುಂದೆ ಚಾಚಿ.