ಸಿ ಭಾಷೆಯಲ್ಲಿ ನಮ್ಮತ್ತೆ

ನಾನು ಅಣಕಿಸದ ಮನುಷ್ಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಚಿಲ್ಲರೆ ಕೇಳುವ ಬಸ್ ಕಂಡಕ್ಟರ್, ಮೂಗಿನಲ್ಲೇ ದರ ಕೂಗುವ ಹತ್ತಿ ದಲ್ಲಾಳಿ, ಕನ್ನಡಿಯೆದುರು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತೇನೆ. ಈ ಚಾಳಿ ಪ್ರೋಗ್ರಾಂ ಬರೆಯುವುದಕ್ಕೂ ಒದಗುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಆಂಧ್ರದ ಗಡಿಯ ಆದೋನಿಯಲ್ಲಿ ಒಂದು ಮೋಟರ್ ರಿಪೇರಿ ಅಂಗಡಿಯಲ್ಲಿ ನನ್ನ ಕೆಲಸ. ಮಿಸ್ತ್ರಿ ಸುಟ್ಟ ಮೋಟರಿಗೆ ತಂತಿ ಸುತ್ತುತ್ತಾರೆ. ನಾನು ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಮೊಬೈಲ್ ಸ್ಟಾರ್ಟರಿಗೆ ಪ್ರೋಗ್ರಾಂ ಬರೆಯುತ್ತೇನೆ. ಅದು ಹೊಲದ ಮೋಟರಿನ ಪಕ್ಕ ಕೂರುವ ಡಬ್ಬಿ, ಒಳಗೊಂದು ಸಿಮ್. ಮನೆಯಿಂದ ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಶುರು, ಇನ್ನೊಂದು ಕೊಟ್ಟರೆ ಬಂದ್. ಬರೆಯುವುದು ಸಿ ಭಾಷೆಯಲ್ಲಿ. ಅದು ಯಂತ್ರದ ಕಿವಿಯನ್ನೇ ನೇರ ಹಿಡಿಯುವ ಭಾಷೆ. ತಪ್ಪು ಹಿಂಡಿದರೂ ಯಾರೂ ತಡೆಯುವುದಿಲ್ಲ. ಮೊದಮೊದಲು ಮಿಸ್ತ್ರಿಯ ಮೋಟರಿಗೇ ಜೋಡಿಸಿ ನೋಡುತ್ತಿದ್ದೆ. ಒಂದು ದಿನ ಸುಟ್ಟ ವಾಸನೆ ಬಂತು.

"ಲೇ, ಪರೀಕ್ಷಾ ಬರಿಯಾವ ನೀನು, ಫೇಲ್ ಆಗಾದು ನನ್ನ ಮೋಟರೇನು?" ಎಂದರು ಮಿಸ್ತ್ರಿ.

ಆಗ ಹಿಡಿದದ್ದು ಯೂನಿಟ್ ಟೆಸ್ಟ್ ಫ್ರೇಮ್‌ವರ್ಕ್. ಸಿ ಭಾಷೆಗೆಂದೇ ಮಾಡಿದ ಪುಟ್ಟ ಸಲಕರಣೆ. ಪ್ರೋಗ್ರಾಮಿನ ಒಂದೊಂದು ತುಂಡನ್ನೂ ಲ್ಯಾಪ್‌ಟಾಪಿನಲ್ಲೇ ಓಡಿಸಿ, ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು ತೋರಿಸುತ್ತದೆ. ಮೋಟರೂ ಬೇಡ, ಸಿಮ್ಮೂ ಬೇಡ. ಅವುಗಳ ಹೆಸರಿನಲ್ಲೇ ಒಂದು ನಕಲಿ ಫಂಕ್ಷನ್, ಎಂದರೆ ಅವುಗಳಂತೆ ನಟಿಸುವ ಪ್ರೋಗ್ರಾಂ ತುಂಡು, ಬರೆದು ಕೂರಿಸಿದರೆ ಸಾಕು. ಅದು "ಕರೆ ಬಂತು" ಎಂದರೆ ಪ್ರೋಗ್ರಾಂ ನಂಬುತ್ತದೆ. ಅಂದರೆ ಇದು ನನ್ನದೇ ಜಾತಿ! ಹಗಲೆಲ್ಲ ಕೂತು ಸಿಮ್ಮಿನಂತೆ, ಮೋಟರಿನಂತೆ, ಹೋಗಿ ಬಂದು ಮಾಡುವ ಕರೆಂಟಿನಂತೆ ನಟಿಸಿದೆ. ಎಲ್ಲ ಹಸಿರು.

ಮೊದಲ ಡಬ್ಬಿ ಪೆದ್ದಕಡುಬೂರಿನ ನಮ್ಮ ಸೋದರತ್ತೆಯ ಮೆಣಸಿನಕಾಯಿ ಹೊಲಕ್ಕೆ ಹೋಯಿತು. ಮಾವ ಲಾರಿ ಡ್ರೈವರ್, ಮನೆಯಲ್ಲಿರುವುದೇ ಅಪರೂಪ. ಹೊಲದಲ್ಲಿ ಡ್ರಿಪ್ ಪೈಪಿದೆ. ಮೋಟರ್ ಶುರು ಮಾಡಲು ಮಾತ್ರ ಅತ್ತೆ ಬೇಕು. ಅತ್ತ ಚಿಪ್ಪಗಿರಿಯಲ್ಲಿ ಮಗಳಿಗೆ ದಿನ ತುಂಬಿತ್ತು.

"ಅಳಿಯಾ, ನಿನ್ನ ಡಬ್ಬಿ ನೆಟ್ಟಗ ನಡದ್ರ ನಾನು ಮಗಳ ಹತ್ರ ಹೋಗ್ತೀನಿ. ಇಲ್ಲಾಂದ್ರ ಬಾಣಂತನ ಮಾಡಾಕ ನೀನ ಹೋಗು."

ಮಿಸ್ಡ್ ಕಾಲ್ ಕೊಡಲು ಹೇಳಿ ಅತ್ತೆಯನ್ನು ಮನೆಯಲ್ಲಿ ಬಿಟ್ಟು ನಾನು ಹೊಲದಲ್ಲಿ ನಿಂತೆ. ಮೋಟರ್ ಗುಂಯ್ ಎಂದಿತು. ಅಂಗಿಯ ಕಾಲರ್ ಏರಿಸಿದೆ. ಮೋಟರ್ ನಿಂತಿತು. ಕಾಲರ್ ಇಳಿಸಿದೆ. ಮತ್ತೆ ಶುರು, ಮತ್ತೆ ಬಂದ್. ಅತ್ತೆಗೆ ಫೋನ್ ಹಚ್ಚಿದರೆ ಬಿಜಿ! ಹೀಗೇ ಬಿಟ್ಟರೆ ಮೋಟರ್ ಸುಡುತ್ತದೆಂದು ಫ್ಯೂಜ್ ಕಿತ್ತು ಮನೆಗೆ ಓಡಿದೆ.

"ಏನ್ ಮಾಡಾಕತ್ತಿ ಅತ್ತಿ?"

"ಮಿಸ್ಡ್ ಕಾಲ್ ಕೊಟ್ಟೆ. ಮುಟ್ಟೈತೋ ಇಲ್ಲೋ ಅಂತ ಇನ್ನೊಂದು ಕೊಟ್ಟೆ. ತಿರುಗಿ ಕೊಡವಲ್ದು, ಅದಕ್ಕ ಮತ್ತ ಕೊಡಾಕತ್ತೀನಿ. ಯಾರು ಕಲಿಸ್ಯಾರ ಅದಕ್ಕ ಬುದ್ಧಿ? ನೀನ?"

ನಮ್ಮ ಕಡೆ ಮಿಸ್ಡ್ ಕಾಲ್ ಎಂದೂ ಒಂಟಿಯಲ್ಲ. ಆ ಕಡೆಯಿಂದ ಉತ್ತರವಾಗಿ ಒಂದು ಬರುವವರೆಗೆ ಕೊಡುತ್ತಲೇ ಇರಬೇಕು. ಅತ್ತೆಯ ದನಿ, ಸೆರಗು ಕೊಡವುವ ರೀತಿ, ಎಲ್ಲ ಅಣಕಿಸಿದ್ದ ನಾನು ಅವಳ ಬೆರಳನ್ನೇ ನೋಡಿರಲಿಲ್ಲ.

ಕಟ್ಟೆಯ ಮೇಲೆಯೇ ಲ್ಯಾಪ್‌ಟಾಪ್ ತೆರೆದು ಹೊಸ ಟೆಸ್ಟ್ ಬರೆದೆ: ಕರೆಯ ಮೇಲೆ ಕರೆ ಬಂದರೂ ಮೋಟರ್ ಓಡುತ್ತಲೇ ಇರಬೇಕು. ಓಡಿಸಿದೆ, ಕೆಂಪು.

"ಕೆಂಪಾತಲ್ಲೋ!"

"ಆಗ್ಬೇಕತ್ತಿ. ತಪ್ಪು ಸಿಕ್ತು ಅಂತ."

"ತಪ್ಪು ಸಿಕ್ರ ಹಲ್ಲು ಕಿಸಿಯಾವನ್ನ ಇವತ್ತ ನೋಡಿದೆ."

ಪ್ರೋಗ್ರಾಂ ತಿದ್ದಿದೆ. ಮೋಟರ್ ಶುರುವಾದೊಡನೆ ಡಬ್ಬಿಯೇ ತಿರುಗಿ ಮಿಸ್ಡ್ ಕಾಲ್ ಕೊಡಬೇಕು. ಅಲ್ಲಿವರೆಗೆ ಬಂದ ಕರೆಗಳಿಗೆ ಕಿವುಡಾಗಬೇಕು. ಹಸಿರಾಯಿತು. ಖುಷಿಗೆ ಅವಳೆದುರೇ ಅವಳಾದೆ: ಫೋನನ್ನು ಮಾರುದೂರ ಹಿಡಿದು, ಕಣ್ಣು ಕಿರಿದು ಮಾಡಿ, "ಹಾಂ, ಬಂತು" ಎಂದು ಕೆಳಗಿಟ್ಟೆ.

ಅತ್ತೆ ನಗಲಿಲ್ಲ. "ಅಷ್ಟಕ್ಕ ಇಡ್ತೀನೇನು ನಾನು? ಅದು ಕೊಟ್ಟಿದ್ದು ಮುಟ್ಟೈತಿ ಅಂತ ನಾನೊಂದು ಕೊಡಬ್ಯಾಡ? ಮರ್ಯಾದಿ ಬ್ಯಾಡೇನು?"

ಆ ಮರ್ಯಾದೆಯ ಕರೆಗೆ ಮೋಟರ್ ಬಂದ್ ಆಗುತ್ತಿತ್ತು; ಅವಳು ಚಿಪ್ಪಗಿರಿಯಲ್ಲಿ, ಗಿಡ ಬಾಯಾರಿಕೆಯಲ್ಲಿ. ಅದಕ್ಕೊಂದು ಟೆಸ್ಟ್ ಬರೆದು "ಅತ್ತಿ ಮರ್ಯಾದಿ" ಎಂದೇ ಹೆಸರಿಟ್ಟೆ. ಕೆಂಪು. ಡಬ್ಬಿ ಉತ್ತರ ಕೊಟ್ಟ ಬೆನ್ನಿಗೆ ಬರುವ ಕರೆಯನ್ನು ನಮಸ್ಕಾರವೆಂದು ತಿಳಿದು ಸುಮ್ಮನಿರುವಂತೆ, ಅದರ ನಂತರದ ಕರೆಗಷ್ಟೇ ಬಂದ್ ಆಗುವಂತೆ ತಿದ್ದಿದೆ. ಹಸಿರು. ಮತ್ತೊಮ್ಮೆ ಪೂರ್ತಿ ನಟಿಸಿ ತೋರಿಸಿದೆ.

"ಈಗ ನನ್ನಂಗ ಮಾಡಿದಿ," ಎಂದಳು. ಡಬ್ಬಿಗೆ ಹೊಸ ಪ್ರೋಗ್ರಾಂ ತುಂಬಿ ಫ್ಯೂಜ್ ಮತ್ತೆ ಹಾಕಿದೆ. ಮರುದಿನವೇ ಅವಳು ಚಿಪ್ಪಗಿರಿಯ ಬಸ್ ಹತ್ತಿದಳು.

ಅವಳು ಹೇಳಿದ ಹೊತ್ತಿಗೆ ಹೊಲದಲ್ಲಿ ಕಾದೆ. ಡಬ್ಬಿಯ ದೀಪ ಮಿನುಗಿತು, ಮೋಟರ್ ಗುಂಯ್ ಎಂದಿತು. ದೀಪ ಮತ್ತೊಮ್ಮೆ ಮಿನುಗಿತು, ಡಬ್ಬಿಯ ಉತ್ತರ; ಇನ್ನೊಮ್ಮೆ, ಅತ್ತೆಯ ಮರ್ಯಾದಿ. ಮೋಟರ್ ನಿಲ್ಲಲಿಲ್ಲ. ಗಿಡದ ಬುಡದಲ್ಲಿ ನೀರು ತೊಟ್ಟಿಕ್ಕುವುದನ್ನು ನೋಡಿ ಗಡಿಬಿಡಿಯಲ್ಲಿ ಫೋನ್ ಹಚ್ಚಿದೆ.

"ಅತ್ತಿ, ನೀರು ಬಂತು!"

"ನಿನ್ನನ್ನ ಯಾರು ಕೇಳ್ಯಾರಲೇ? ಡಬ್ಬಿ ಆಗಲೇ ಹೇಳೈತಿ. ಇಡು, ಮಗಳಿಗೆ ನೀರು ಕಾಸಬೇಕು."