ಫ್ರಿಜ್ಜಿನ ವಯರಿಗೆ ಹಾಕಿದ ಬಳೆ

ಅಂದು ನಳದ ನೀರು ತುಂಬಿದೆ. ಹಿಟ್ಟು ಜರಡಿ ಹಿಡಿದು ರೊಟ್ಟಿ ಬಡಿದೆ. ಅತ್ತೆಯವರ ಕಾಲಿನ ಹುಣ್ಣು ತೊಳೆದು ಪಟ್ಟಿ ಬದಲಿಸಿದೆ, ಇನ್ಸುಲಿನ್ ಚುಚ್ಚಿದೆ, ಅಂಗಳ ಗುಡಿಸಿದೆ. ಶಾಲೆಗೆ ಹೊರಡುವ ಮುನ್ನ ಫ್ರಿಜ್ಜಿಗೆ ಕಿವಿಗೊಟ್ಟು ನಿಂತೆ. ಗುರ್ ಎನ್ನುತ್ತಿತ್ತು. ಆದರೂ ನಂಬಿಕೆ ಬರಲಿಲ್ಲ.

ಅತ್ತೆಯವರ ಹುಣ್ಣು ಮಾಯುತ್ತಿರಲಿಲ್ಲ, ಸಕ್ಕರೆ ಇಳಿಯುತ್ತಿರಲಿಲ್ಲ. "ಇನ್ಸುಲಿನ್ ತಂಪಿನಾಗ ಇಡ್ತೀರಿಲ್ರಿ? ಹಿಂಗೇ ಆದ್ರ ಬೆರಳು ತೆಗೀಬೇಕಾಗ್ತದ," ಎಂದಿದ್ದರು ಶಹಾಪುರದ ಡಾಕ್ಟರು. ಇಡುವುದೇನೋ ಫ್ರಿಜ್ಜಿನಲ್ಲೇ. ಆದರೆ ಕೆಲವು ಸಂಜೆ ನಾನು ಬಂದು ನೋಡಿದರೆ ಐಸಿನ ತಟ್ಟೆಯಲ್ಲಿ ಬರೀ ನೀರು. ಕರೆಂಟು ಹೋಗಿರಲಿಲ್ಲವೆಂದು ಪಕ್ಕದ ಮನೆಯವರು ಹೇಳುತ್ತಿದ್ದರು. ಹಗಲು ಮನೆಯಲ್ಲಿ ಇರುವವರು ಅತ್ತೆ ಒಬ್ಬರೇ.

"ನಾ ಯಾಕ ಬಂದ್ ಮಾಡ್ಲೆವ್ವ? ನನ್ನ ಔಷಧ ನಾನೇ ಕೆಡಿಸ್ಕೋತೇನೇನು?" ಎಂದಿದ್ದರು ಅತ್ತೆ, ಕೇಳಿದಾಗ ನನ್ನ ಮುಖ ನೋಡದೆ.

ಸುರಪುರದಲ್ಲಿ ಮೊಬೈಲ್ ರಿಪೇರಿ ಮಾಡುವ ನನ್ನ ತಮ್ಮ ಹಿಂದಿನ ದಿನವಷ್ಟೇ ಬಂದು ಹೋಗಿದ್ದ. ಫ್ರಿಜ್ಜಿನ ಪ್ಲಗ್ ಚುಚ್ಚುವ ಬೋರ್ಡಿಗೆ ಹೋಗುವ ವಯರಿನ ಸಿಪ್ಪೆ ಸೀಳಿ, ಒಳಗಿನ ಒಂದೇ ಎಳೆಗೆ ಕರೆಂಟು ಅಳೆಯುವ ಬಳೆಯಂಥದೊಂದು ತೊಡಿಸಿದ್ದ. ಎರಡೂ ಎಳೆಗೆ ಸೇರಿಸಿ ತೊಡಿಸಿದರೆ ಹೋಗುವ ಕರೆಂಟು, ಬರುವ ಕರೆಂಟು ಒಂದನ್ನೊಂದು ಅಳಿಸಿಬಿಡುತ್ತವಂತೆ. ಬಳೆಯಿಂದ ಬೆಂಕಿಪೊಟ್ಟಣದಷ್ಟು ದೊಡ್ಡ, ಲೆಕ್ಕ ನೋಡುವ ಮೈಕ್ರೋಕಂಟ್ರೋಲರಿಗೆ ತಂತಿ, ಅಲ್ಲಿಂದ ನನ್ನ ಫೋನಿಗೆ ಸಂದೇಶ.

"ಇದೇನಪಾ?" ಅತ್ತೆ ಕೇಳಿದ್ದರು.

"ಫ್ರಿಜ್ ಸುಡಬಾರ್ದಂತ ಕಾವಲ್ರೀ."

"ಕಾವಲಿಗಿ ನಾ ಇಲ್ಲೇನು? ಸತ್ತೀನೇನು?"

ಹೋಗುವಾಗ ತಮ್ಮ ನನಗೆ ಮೆಲ್ಲಗೆ ಹೇಳಿದ್ದ: "ತಂಪಾದ್ಮ್ಯಾಲ ಫ್ರಿಜ್ ತಾನೇ ಸುಮ್ನಾಗ್ತದ, ಮತ್ತ ತಾನೇ ಚಾಲೂ ಆಗ್ತದ. ಬಂದ್ ಅಂತ ಬಂದ ಕೂಡ್ಲೇ ಅತ್ತಿಯವರ ಮ್ಯಾಲ ಹಾರಬ್ಯಾಡಕ್ಕಾ."

ಅಂದು ಊಟದ ಬಿಡುವಿನಲ್ಲಿ ಬಂದದ್ದು 'ಚಾಲೂ' ಎಂಬ ಸಂದೇಶ. ಕ್ಷಣದಲ್ಲಿ 'ಬಂದ್', ಮತ್ತೆ 'ಚಾಲೂ', ಮತ್ತೆ 'ಬಂದ್'. ಜೊತೆಗಿದ್ದ ಕರೆಂಟಿನ ಅಂಕಿ ಬೆಳಗಿನದಕ್ಕಿಂತ ಮೂರು ಪಟ್ಟು ಹೆಚ್ಚು. ತಮ್ಮನಿಗೆ ಕಳಿಸಿದೆ. ಅವನೇ ಫೋನ್ ಮಾಡಿದ.

"ಅಕ್ಕಾ, ನಿಮ್ಮ ಫ್ರಿಜ್ ಇಷ್ಟು ಕರೆಂಟ್ ಜಗ್ಗಂಗಿಲ್ಲ. ಅದರ ಪ್ಲಗ್ ಕಿತ್ತು ಬ್ಯಾರೆ ಏನೋ ಚುಚ್ಚ್ಯಾರ. ಹಚ್ಚಿ ಹಚ್ಚಿ ಬಿಡಾಕತ್ತಾರ, ಮಿಕ್ಸರ್ ಇದ್ದಂಗದ."

ಹೆಡ್‌ಮಾಸ್ತರರಿಗೆ ಹೇಳಿ ಮನೆಗೆ ಬಂದೆ. ಫ್ರಿಜ್ಜಿನ ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಮಿಕ್ಸರ್, ಜಾರಿನಲ್ಲಿ ಶೇಂಗಾ ಬೆಲ್ಲ. ಅತ್ತೆ ಕಾಲು ಚಾಚಿ ಕೂತು ಉಂಡಿ ಕಟ್ಟುತ್ತಿದ್ದರು.

"ಅತ್ತೀ! ಬೆರಳು ಹೋದ್ರ ಏನ್ ಮಾಡ್ತೀರಿ?"

"ಉಂಡಿ ಏನು ಕಾಲ್ಬೆರಳಿಂದ ತಿಂತೀನೇನು? ಬಾಯಿ ಸಪ್ಪಗಾಗಿ ಸಾಯಾಕತ್ತೇನವ್ವ."

ನಾನು ನಗಲಿಲ್ಲ. ಅವರು ಪಟ್ಟಿ ಕಟ್ಟಿದ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. ಉಂಡಿಯ ತಟ್ಟೆಯನ್ನು ನನ್ನತ್ತ ದೂಡಿದರು. "ಪ್ಲಗ್ ತಿರುಗಿ ಚುಚ್ಚೂದು ಮರೀತೇನಿ, ನೀ ಬರೂ ಹೊತ್ತಿಗಿ ನೆನಪಾಗ್ತದ. ಅಷ್ಟಕ್ಕ ಔಷಧ ಕೆಡ್ತದಂತ ಗೊತ್ತಿದ್ದಿಲ್ಲ."

ಕಾರಣ ಬೆಲ್ಲವೋ, ಕೆಟ್ಟ ಔಷಧವೋ, ಎರಡೂ ಸೇರಿಯೋ, ಹುಣ್ಣಿಗಂತೂ ಕಾಯುವಷ್ಟು ಹೊತ್ತಿಲ್ಲ. ಯಾದಗಿರಿಯ ಕಚೇರಿಯಲ್ಲಿದ್ದ ಯಜಮಾನರಿಗೆ ಹೊಸ ಇನ್ಸುಲಿನ್ ತರಲು ಹೇಳಿದೆ. ಆಮೇಲೆ ಮನೆಯೆಲ್ಲ ತಡಕಿದೆ. ಹೊದೆಯುವ ಕೌದಿಗಳ ನಡುವೆ ಉಂಡಿ ತುಂಬಿದ ಡಬ್ಬಿಯೊಂದು ಸಿಕ್ಕಿತು. "ಅದು ಹ್ವಾದ ವಾರದ್ದು," ಎಂದರು ಅತ್ತೆ, ಅದೇನೋ ಸಮಾಧಾನದ ಮಾತೆಂಬಂತೆ.

ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಉಂಡೆವು. ಮೊದಲು ಮಲಗಿದವರು ಅತ್ತೆ. ಗೋಡೆಯ ಕಡೆ ಮುಖ ಮಾಡಿದ್ದರು. ಉಂಡಿ ಮೆಲ್ಲುತ್ತಿದ್ದಾರೇನೋ ಎಂದು ಬಗ್ಗಿ ನೋಡಿದೆ, ಬಾಯಿ ಆಡುತ್ತಿರಲಿಲ್ಲ.