ಎಡಗಿವಿಯ ಪರವಾಗಿ ಹದಿನೇಳು ಸಾಲು

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ, ಫ್ರೇಜರ್ ಟೌನಿನ ಕಿವಿ ಪರೀಕ್ಷೆಯ ಕ್ಲಿನಿಕ್ಕೊಂದರಲ್ಲಿ, ನನ್ನ ಎಡಗಿವಿಗೆ ಏನೂ ಕೇಳಿಸುವುದಿಲ್ಲ ಎಂದು ಕಂಪ್ಯೂಟರ್ ದಾಖಲಿಸಿತು. ಬಲಗಿವಿ ಚೆನ್ನಾಗಿದೆ ಎಂದೂ ದಾಖಲಿಸಿತು.

ಅಲ್ಲಿಗೆ ಹೋಗಲು ಕಾರಣವಿತ್ತು. ಇಂದಿರಾನಗರದಲ್ಲಿ ಇಳಿಯಬೇಕಾದವನು ಒಂದೇ ತಿಂಗಳಲ್ಲಿ ಎರಡು ಸಲ ಬೈಯಪ್ಪನಹಳ್ಳಿಯಲ್ಲಿ ಇಳಿದಿದ್ದೆ. ಮೆಟ್ರೋದಲ್ಲಿ ನಿಲ್ದಾಣದ ಹೆಸರು ಹೇಳಿದ್ದೇ ಕೇಳಿಸಿರಲಿಲ್ಲ.

“ನನ್ನ ಮಾತು ಬಿಡಿ, ರೈಲು ಹೇಳಿದ್ದೂ ಕೇಳ್ಸಲ್ಲ ಅಂದ್ರೆ? ಮೊದ್ಲು ಹೋಗಿ ತೋರಿಸ್ಕೊಂಡು ಬನ್ರೀ” ಎಂದಳು ಹೆಂಡತಿ.

ಪರೀಕ್ಷೆ ಸರಳ. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ. ‘ಕುಂಯ್’ ಎಂದು ಕೇಳಿಸಿದಾಗಲೆಲ್ಲ ಕೈಯಲ್ಲಿರುವ ಬಟನ್ ಒತ್ತಬೇಕು. ಮೊದಲು ಬಲಗಿವಿ, ಆಮೇಲೆ ಎಡಗಿವಿ. ನಾನು ಒತ್ತಿದ್ದನ್ನು ಎಣಿಸುತ್ತಾ ಕೂತಿದ್ದೆ. (ವರದಿಗಾರನ ಚಟ. ಸಭೆಯಲ್ಲಿ ಖಾಲಿ ಕುರ್ಚಿಗಳನ್ನೂ ಎಣಿಸಿಯೇ ಬರುವವನು ನಾನು.) ಎಡಗಿವಿಗೆ ಹದಿನೇಳು.

ಹೊರಗೆ ಬಂದಾಗ ಪರೀಕ್ಷೆ ಮಾಡಿದ ನಸ್ರೀನ್ ಮೇಡಂ ನಗುತ್ತಿರಲಿಲ್ಲ.

“ಸರ್, ಎಡಗಡೆ ಒಂದೂ ರೆಸ್ಪಾನ್ಸ್ ಇಲ್ಲ. ಬೆಳಿಗ್ಗೆ ನನ್ ಜೊತೆ ಫೋನಲ್ಲಿ ಮಾತಾಡಿದ್ರಲ್ಲ, ಯಾವ ಕಿವಿಗೆ ಇಟ್ಕೊಂಡಿದ್ರಿ?”

“ಎಡಗಿವಿಗೇ.”

“ಹಿಂಗೆ ಇದ್ದಕ್ಕಿದ್ದಂಗೆ ಹೋಗೋದೂ ಇದೆ ಸರ್. ಹಂಗಾಗಿದ್ರೆ ಇವತ್ತೇ ಆಸ್ಪತ್ರೆಗೆ ಹೋಗ್ಬೇಕು. ತಡ ಮಾಡಂಗಿಲ್ಲ.”

ಇಷ್ಟು ವರ್ಷ ಫೋನನ್ನು ಎಡಗಿವಿಗೆ ಒತ್ತಿಕೊಂಡು ಬಲಗೈಯಲ್ಲಿ ಬರೆದುಕೊಂಡವನು ನಾನು. ಅನ್ನ ಹಾಕಿದ್ದು ಆ ಕಿವಿ. ಹೇಳಿದೆ: “ಮೇಡಂ, ನಾನು ಹದಿನೇಳು ಸಲ ಒತ್ತಿದೀನಿ.”

ಅವರು ನನ್ನನ್ನು ನೋಡಿದರು, ಪರದೆ ನೋಡಿದರು, ಫೋನ್ ಎತ್ತಿಕೊಂಡರು.

ಅರ್ಧ ಗಂಟೆಯಲ್ಲಿ ಕಮ್ಮನಹಳ್ಳಿಯಿಂದ ಸ್ಕೂಟರಿನಲ್ಲಿ ಸಂತೋಷ್ ಬಂದ. ನಸ್ರೀನ್ ಅವರ ತಮ್ಮನ ಕ್ಲಾಸ್‌ಮೇಟ್, ತಮ್ಮನಂತೆ ತಾನೂ ಅವರನ್ನು ಆಪಾ (ಅಕ್ಕ) ಎನ್ನುತ್ತಾನೆ. ಕ್ಲಿನಿಕ್ಕಿನ ಹೊಸ ಸಾಫ್ಟ್‌ವೇರ್ ಬರೆದವನು ಅವನೇ, ಹಾಕಿದ್ದು ಹಿಂದಿನ ದಿನ.

“ನನ್ ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಓಡ್ತಿತ್ತು ಆಪಾ.”

“ಹಂಗಾದ್ರೆ ಪೇಶೆಂಟ್‌ಗಳನ್ನೆಲ್ಲ ನಿನ್ ಲ್ಯಾಪ್‌ಟಾಪ್ ಹತ್ರಾನೇ ಕಳಿಸ್ತೀನಿ ಬಿಡು.”

ಸಂತೋಷ್ ತಲೆ ತಗ್ಗಿಸಿ ಲಾಗ್ ತೆರೆದ. ಪ್ರೋಗ್ರಾಂ ತನ್ನ ಪಾಡಿಗೆ ತಾನು ಬರೆದಿಡುವ ದಿನಚರಿ ಅದು. ಎಡಗಿವಿಯ ಸರದಿಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬಂದಿತ್ತು. ‘ಕಾಲ್‌ಬ್ಯಾಕ್ ಕಸಕ್ಕೆ ಹೋಗಿದೆ’ ಎಂಬುದು ಅದರ ಅರ್ಥ.

“ಎಷ್ಟು ಸಾಲಿದೆ, ಎಣಿಸಿ” ಎಂದೆ.

ಅವನು ಪರದೆಯ ಮೇಲೆ ಬೆರಳಿಟ್ಟು ಎಣಿಸಿದ. ಹದಿನೇಳು.

ಆಗಿದ್ದು ಇಷ್ಟು. ಬಟನ್ ಪೆಟ್ಟಿಗೆಯ ಜೊತೆ ಅದರ ಕಂಪನಿ ಕೊಟ್ಟ ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಂಗಳ ಕಟ್ಟು, ‘ಸಿ’ ಎಂಬ ಕಂಪ್ಯೂಟರ್ ಭಾಷೆಯದು. ಸಂತೋಷನ ಪ್ರೋಗ್ರಾಂ ಜಾವಾ ಭಾಷೆಯದು. ನಡುವೆ ಒಂದು ಸೇತುವೆ, ಅದಕ್ಕೆ ಬೈಂಡಿಂಗ್ ಎನ್ನುತ್ತಾರೆ. ‘ಯಾರಾದರೂ ಬಟನ್ ಒತ್ತಿದರೆ ಈ ವಿಳಾಸಕ್ಕೆ ತಿಳಿಸು’ ಎಂದು ಜಾವಾ ಆ ಲೈಬ್ರರಿಗೆ ಹೇಳಿಡುತ್ತದೆ. ಆ ವಿಳಾಸದಲ್ಲಿ ಕಾದು ಕೂತಿರುವುದೇ ಕಾಲ್‌ಬ್ಯಾಕ್.

ಜಾವಾ ಮನೆಯಲ್ಲಿ ಒಬ್ಬ ಕಸ ಗುಡಿಸುವವನಿದ್ದಾನೆ. ಮನೆಯೊಳಗೆ ಯಾರೂ ಕೈಯಲ್ಲಿ ಹಿಡಿದಿರದ ವಸ್ತುವನ್ನು ಅವನು ಎತ್ತಿ ಎಸೆಯುತ್ತಾನೆ. ಸೇತುವೆಯ ಆಚೆ ಒಬ್ಬರು ಅದನ್ನೇ ನಂಬಿಕೊಂಡಿದ್ದಾರೆ ಎಂಬುದು ಅವನಿಗೆ ಕಾಣುವುದಿಲ್ಲ. ಸಂತೋಷ್ ಕಾಲ್‌ಬ್ಯಾಕನ್ನು ತಯಾರಿಸಿ, ಅದೇ ಸಾಲಿನಲ್ಲಿ ಆಚೆಗೆ ಕೊಟ್ಟು, ಕೈ ತೊಳೆದುಕೊಂಡಿದ್ದ. ಅವನ ಲ್ಯಾಪ್‌ಟಾಪಿನಲ್ಲಿ ಮೆಮೊರಿ ಧಾರಾಳ, ಕಸ ಗುಡಿಸುವವನಿಗೆ ಕೆಲಸವೇ ಬಿದ್ದಿರಲಿಲ್ಲ. ಕ್ಲಿನಿಕ್ಕಿನ ಹಳೆಯ ಕಂಪ್ಯೂಟರಿನಲ್ಲಿ ಜಾಗ ಕಡಿಮೆ. ಬಲಗಿವಿ ಮುಗಿಯುವಷ್ಟರಲ್ಲಿ ಅವನು ಪೊರಕೆ ಹಿಡಿದು ಬಂದಿದ್ದ. ಆಮೇಲೆ ನಾನು ಒತ್ತಿದ್ದನ್ನೆಲ್ಲ ಲೈಬ್ರರಿ ತಿಳಿಸುತ್ತಲೇ ಇತ್ತು. ಆ ವಿಳಾಸದಲ್ಲಿ ಯಾರೂ ಇರಲಿಲ್ಲ.

ನಮ್ಮದೇನು ಬೇರೆ ಕಥೆಯೇ? ‘ಏನಿದ್ದರೂ ಈ ನಂಬರಿಗೆ ಫೋನ್ ಮಾಡಿ’ ಎಂದು ಎಷ್ಟು ಕಡೆ ಬರೆದುಕೊಟ್ಟಿದ್ದೇವೆ? ಆಮೇಲೆ ಸಿಮ್ ಬದಲಾಯಿಸುತ್ತೇವೆ. ನನ್ನ ಇನ್ಶೂರೆನ್ಸ್ ಕಾಗದಗಳು ಇವತ್ತಿಗೂ ಹಲಸೂರಿನ ಹಳೆಯ ಬಾಡಿಗೆ ಮನೆಗೇ ಹೋಗುತ್ತವೆ. ಕಳಿಸುವವರು ತಪ್ಪದೆ ಕಳಿಸುತ್ತಿದ್ದಾರೆ.

ಸಂತೋಷ್ ಸರಿಪಡಿಸಿದ್ದು ಒಂದೇ ಸಾಲು. ಪ್ರೋಗ್ರಾಂ ಓಡುವಷ್ಟು ಹೊತ್ತೂ ಕಾಲ್‌ಬ್ಯಾಕನ್ನು ಜಾವಾ ಕಡೆಯೂ ಕೈಬಿಡದೆ ಹಿಡಿದಿರುವಂತೆ ಮಾಡಿದ.

“ಇಷ್ಟೇನಾ?” ಎಂದರು ನಸ್ರೀನ್.

“ಇಷ್ಟೇ ಆಪಾ. ಸಾರಿ ಸರ್.”

“ನಂಗೂ ಬುದ್ಧಿ ಬೇಕಿತ್ತು ಸರ್” ಎಂದರು ಅವರು ನನ್ನತ್ತ ತಿರುಗಿ. “ಮುಂಚೆ ಬೆರಳು ಎತ್ತಿ ಅಂತಿದ್ವಿ. ಪೇಶೆಂಟ್ ಮುಖಾನೇ ನೋಡ್ತಿದ್ದೆ. ಬಟನ್ ಬಂದ್ಮೇಲೆ ಸ್ಕ್ರೀನ್ ನೋಡೋ ಅಭ್ಯಾಸ ಆಗ್ಬಿಟ್ಟಿದೆ.”

ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಕೋಣೆಯೊಳಗೆ ಕೂತೆ. ಈ ಸಲ ಬಟನ್ನೂ ಒತ್ತಿದೆ, ಬೆರಳನ್ನೂ ಎತ್ತಿದೆ. ನಸ್ರೀನ್ ಕಿಟಕಿಯಾಚೆ ನನ್ನನ್ನೇ ನೋಡುತ್ತಿದ್ದರು. ಎರಡು ಕಿವಿಯೂ ವಯಸ್ಸಿಗೆ ತಕ್ಕಂತೆ ಚೆನ್ನಾಗಿವೆ ಎಂದು ರಿಪೋರ್ಟ್ ಬಂತು. ಹೊಸ ಸಾಫ್ಟ್‌ವೇರಿನಲ್ಲಿ ನನಗಿಂತ ಮೊದಲು ಪರೀಕ್ಷೆಯಾದವರು ನಾಲ್ವರು. ಅವರನ್ನೂ ಕರೆಸಿ ಗುರುವಾರದೊಳಗೆ ಮತ್ತೆ ಪರೀಕ್ಷೆ ಮಾಡಿದರು.

ರಿಪೋರ್ಟನ್ನು ಹೆಂಡತಿ ಎರಡು ಸಲ ಓದಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.

ನಿನ್ನೆ ಸಂಜೆ ನಾನು ಮತ್ತೆ ಬೈಯಪ್ಪನಹಳ್ಳಿಯಲ್ಲಿ ಇಳಿದೆ.